ತಾಳ ಬಲ್ಲವರು ಧಾಟಿ ಕಟ್ಟುವಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ತಬಲಾ, ಡೋಲಕ್, ಪ್ಯಾಡ್ ನುಡಿಸುವ ಹಲವರು ಈಗ ವಚನ, ದಾಸರ ಪದ, ತತ್ವಪದಗಳಿಗೆ ತಾವೇ ಧಾಟಿ ಕಟ್ಟಲು ಹೊರಟಿದ್ದಾರೆ. ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯಿಂದ ಈ ಕುರಿತು ಬಂದ ಪ್ರಶ್ನೆಗಳನ್ನು ಒಂದೇ ಕಡೆ ತೆಗೆದುಕೊಂಡಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿದ್ದೇವೆ.

ಭಜನಾ ಮೇಳದಲ್ಲಿ ತಬಲಾ, ಆರ್ಕೆಸ್ಟ್ರಾದಲ್ಲಿ ಪ್ಯಾಡ್ ನುಡಿಸುತ್ತೇನೆ. ಹಾಡಲು ಬರುವುದಿಲ್ಲ. ವಚನಗಳಿಗೆ ಸಂಗೀತ ಸಂಯೋಜನೆ ಮಾಡುವಾಸೆ. ಎಲ್ಲಿಂದ ಶುರು ಮಾಡಲಿ?
– ಸಿಂಧನೂರು

ಹಾಡುವುದರಿಂದಲೇ ಶುರು ಮಾಡಿ. ಕಛೇರಿಗೆ ಹಾಡುವ ಕಂಠ ಬೇಕಿಲ್ಲ, ನೀವು ಕಟ್ಟಿದ್ದನ್ನು ಗಾಯಕರಿಗೆ ಹಾಡಿ ತೋರಿಸುವಷ್ಟು ಬಂದರೆ ಸಾಕು. ಹಾರ್ಮೋನಿಯಂ ಮೇಲೆ ಬೆರಳಾಡಿಸಿ ಹುಡುಕಿದ ಧಾಟಿಗೆ ಒಂದು ಕಾಯಿಲೆ ಇರುತ್ತದೆ. ಬೆರಳಿಗೆ ಸಾದಿಂದ ಧಾಕ್ಕೆ ಹಾರುವುದೂ ಸಾದಿಂದ ರಿಗೆ ಹೋಗುವುದೂ ಒಂದೇ, ಗಂಟಲಿಗೆ ಒಂದೇ ಅಲ್ಲ. ಬೆರಳು ಹುಡುಕಿದ್ದನ್ನು ಗಂಟಲು ಒಪ್ಪದಿದ್ದಾಗ ‘ಗಾಯಕರಿಗೆ ಬರ್ತಿಲ್ಲ’ ಎಂದು ಜಗಳ ಹುಟ್ಟುತ್ತದೆ.

ಮೊದಲ ಮೂರು ತಿಂಗಳು ದಿನಕ್ಕೆ 40 ನಿಮಿಷ ಸಾಕು. ಅದರಲ್ಲಿ 20 ನಿಮಿಷ ತಂಬೂರಿ ಶ್ರುತಿಗೆ ಬರೀ ಸಾ ಮತ್ತು ಪಾ. ಉಳಿದ 20 ನಿಮಿಷ ನಿಮಗೆ ಈಗಾಗಲೇ ಬರುವ ಠೇಕಾಗಳನ್ನೇ (ತಾಳದ ಮೂಲ ನಡೆ) ಸ್ವರಕ್ಕೆ ಕಟ್ಟಿ ಹಾಡಿ. ಭೂಪ್ ರಾಗದ ಐದು ಸ್ವರ (ಸ ರಿ ಗ ಪ ಧ) ತೆಗೆದುಕೊಳ್ಳಿ. ಕೆಹರವಾ ತಾಳದ ಎಂಟು ಮಾತ್ರೆಗೆ (ಮಾತ್ರೆ ಅಂದರೆ ತಾಳದ ಒಂದು ಎಣಿಕೆ) ‘ಸ ರಿ ಗ ಪ, ಧ ಪ ಗ ರಿ’. ರೂಪಕದ ಏಳಕ್ಕೆ ‘ಸ ರಿ ಗ, ಸ ರಿ ಗ ಪ’, ಆಮೇಲೆ ‘ರಿ ಗ ಪ, ರಿ ಗ ಪ ಧ’, ಹೀಗೆ ಏರುತ್ತ ಹೋಗಿ, ಅದೇ ದಾರಿಯಲ್ಲಿ ಇಳಿಯಿರಿ. ಕೈಯಲ್ಲಿ ತಾಳ ಹಾಕಿ, ತಬಲಾ ಮುಟ್ಟಬೇಡಿ. ಮುಟ್ಟಿದರೆ ಕಿವಿ ಅದರ ಹಿಂದೆ ಓಡುತ್ತದೆ, ಸ್ವರ ಎಲ್ಲಿ ಜಾರಿತೆಂದು ಗೊತ್ತೇ ಆಗುವುದಿಲ್ಲ.

ತಬಲಾದವರಿಗೆ ಸಾ ಚೆನ್ನಾಗಿ ಕೇಳಿಸುತ್ತದೆ, ದಿನವೂ ಶ್ರುತಿ ಮಾಡುವುದು ಅದಕ್ಕೇ ತಾನೇ. ಉಳಿದ ಸ್ವರಗಳು ಅಷ್ಟು ಕೇಳಿಸುವುದಿಲ್ಲ. ಪರೀಕ್ಷೆ ಸುಲಭ: ಸಾ ಹಿಡಿದುಕೊಂಡು, ಬೇರೆಯವರಿಂದ ಹಾರ್ಮೋನಿಯಂನ ಯಾವುದೋ ಒಂದು ಮನೆ ಒತ್ತಿಸಿ, ನೋಡದೆ ಅದರ ಹೆಸರು ಹೇಳಿ. 10ರಲ್ಲಿ 8 ಸರಿ ಬಂದ ಮೇಲೆ ಧಾಟಿ ಕಟ್ಟಲು ಕೂಡಿ. ಮೊದಲ ವರ್ಷಕ್ಕೆ ಭೂಪ್, ದುರ್ಗಾ, ಭೀಮಪಲಾಸಿ, ಯಮನ್, ಭೈರವ, ಭೈರವಿ ಸಾಕು. ಇಪ್ಪತ್ತು ರಾಗಗಳ ಆರೋಹಣ ಅವರೋಹಣ ಬಾಯಿಪಾಠ ಮಾಡಿದವರಿಗಿಂತ ಒಂದೇ ಭೀಮಪಲಾಸಿಯಲ್ಲಿ ಆರು ಬೇರೆ ಬೇರೆ ಮುಖಡಾ (ಹಾಡಿನ ಎತ್ತುಗಡೆಯ ಸಾಲು) ಕಟ್ಟಬಲ್ಲವರು ಮುಂದೆ ಹೋಗುತ್ತಾರೆ.

ವಚನಕ್ಕೆ ಛಂದಸ್ಸಿಲ್ಲ, ಪ್ರಾಸವಿಲ್ಲ, ಸಾಲುಗಳು ಉದ್ದ ಗಿಡ್ಡ. ತಾಳಕ್ಕೆ ಕೂಡಿಸೂದು ಹೆಂಗ? ನಾನು ಮಾಡಿದ್ದೆಲ್ಲ ತುರುಕಿದಂಗ ಕೇಳತೈತಿ.
– ಗಂಗಾವತಿ

ತುರುಕಿದ ಹಾಗೆ ಕೇಳಿಸುವುದಕ್ಕೆ ಕಾರಣ, ನೀವು ಠೇಕಾ ಮೊದಲು ಹಾಕಿಕೊಂಡು ಮಾತನ್ನು ಅದರೊಳಗೆ ಕೂಡಿಸುತ್ತಿರುವುದು. ತಿರುಗಿಸಿ ಮಾಡಿ. ವಚನವನ್ನು ಮೊಬೈಲ್ ಮುಂದೆ ಐದು ಸಲ ಬರೀ ಓದಿ, ಧ್ವನಿ ಮುದ್ರಿಸಿ. ಐದೂ ಸಲ ಒಂದೇ ಕಡೆ ಉಸಿರು ನಿಂತಿದ್ದರೆ ಅಲ್ಲೊಂದು ಗೆರೆ ಎಳೆಯಿರಿ. ಎರಡು ಗೆರೆಗಳ ನಡುವಿನದು ಒಂದು ತುಂಡು. ಪ್ರತಿ ತುಂಡಿನ ಮಾತ್ರೆ ಎಣಿಸಿ. ಹ್ರಸ್ವ 1. ದೀರ್ಘ 2. ಒತ್ತಕ್ಷರದ ಹಿಂದಿನದ್ದೂ ಅನುಸ್ವಾರ ಇರುವುದೂ 2. ಶಾಲೆಯಲ್ಲಿ ಲಘು ಗುರು ಹಾಕಿದ ನೆನಪಿದ್ದರೆ ಅಷ್ಟೇ ಸಾಕು.

ಉದಾಹರಣೆಗೆಂದೇ ಒಂದು ಸಾಲು ಕಟ್ಟಿಕೊಳ್ಳೋಣ: ‘ಕಲ್ಲ ಮೇಲೆ, ಮಳೆ ಸುರಿದರೆ, ಬೆಳೆ ಬಂದೀತೇ’. ಮೊದಲ ತುಂಡು 6 ಮಾತ್ರೆ, ಎರಡನೆಯದು 6, ಮೂರನೆಯದು 8. ಇದನ್ನು ಬಿಡುವಿಲ್ಲದೆ ಕೆಹರವಾಕ್ಕೆ ಸುರಿದರೆ ‘ಮೇ’ ಅಕ್ಷರ 4 ಮತ್ತು 5ನೇ ಮಾತ್ರೆಗಳ ಮೇಲೆ ಕಾಲು ಚಾಚಿ ಕೂಡುತ್ತದೆ. 5ರ ಪೆಟ್ಟು ಅಕ್ಷರದ ಹೊಟ್ಟೆಗೆ ಬೀಳುತ್ತದೆ. ತುರುಕಿದಂತೆ ಕೇಳಿಸುವುದು ಇದೇ. ಅದರ ಬದಲು ಒಂದೊಂದು ತುಂಡಿಗೆ ಒಂದೊಂದು ಆವರ್ತನ (ತಾಳದ ಒಂದು ಪೂರ್ತಿ ಸುತ್ತು) ಕೊಡಿ. ಮೊದಲೆರಡರ ಕೊನೆಗೆ 2 ಮಾತ್ರೆ ಬಿಡುವು, ಮೂರನೆಯದು ತುಂಬಿ ನಿಲ್ಲುತ್ತದೆ, ನಾಲ್ಕನೇ ಆವರ್ತನ ಖಾಲಿ. ಪ್ರಶ್ನೆ ಕೇಳಿ ಸುಮ್ಮನಾದಂತೆ ಆಗುತ್ತದೆ. ತಬಲಾಕ್ಕೆ ಏನಾದರೂ ಹೇಳುವುದಿದ್ದರೆ ಆ ನಾಲ್ಕನೆಯದರಲ್ಲಿ ಹೇಳಲಿ.

ಯಾವ ತಾಳ ಎಂಬ ಗೊಂದಲಕ್ಕೆ ಒಂದು ಸುಳಿವು ಅಂಕಿತದಲ್ಲಿದೆ. ವಚನ ಗದ್ಯವಾದರೂ ಅಂಕಿತಗಳಿಗೆ ನಡೆ ಇದೆ. ‘ಕೂಡಲ, ಸಂಗಮ, ದೇವಾ’ ನಾಲ್ಕು ನಾಲ್ಕು ನಾಲ್ಕು, ಕೊನೆಗೆ 4 ಮಾತ್ರೆ ಬಿಟ್ಟರೆ ಎರಡು ಆವರ್ತನ ಕೆಹರವಾ. ‘ಚೆನ್ನ, ಮಲ್ಲಿ, ಕಾರ್ಜು, ನಾ’ ಮೂರರ ನಡೆ, ಆರು ಮಾತ್ರೆಯ ದಾದ್ರಾಕ್ಕೆ ಕೈ ತಾನೇ ಹೋಗುತ್ತದೆ. ಕೊನೆಯ ನಾ 3 ಮಾತ್ರೆ ಎಳೆದರೆ ಎರಡು ಆವರ್ತನ. ‘ರಾಮ, ನಾಥ’ ಒಂದೇ ಆವರ್ತನ ದಾದ್ರಾ. ‘ಗುಹೇಶ್ವರಾ’ ಸ್ವಲ್ಪ ಹುಷಾರಿನದು. ಮೊದಲ ಗು ಹ್ರಸ್ವ. ಅದನ್ನು ಸಮದ (ಆವರ್ತನದ ಮೊದಲ ಮಾತ್ರೆ) ಮೇಲಿಟ್ಟರೆ ‘ಗೂಹೇಶ್ವರ’ ಆಗುತ್ತದೆ. ಗು ಹಿಂದಿನ ಆವರ್ತನದ ಕೊನೆಯ ಮಾತ್ರೆಯಲ್ಲಿ ಏಳಲಿ, ಹೇ ಸಮಕ್ಕೆ ಬೀಳಲಿ.

ಅಂಕಿತ ಹೇಳಿದ ತಾಳವೇ ಕಡೆಯ ಮಾತೆಂದು ಹಿಡಿಯಬೇಡಿ. ವಚನದ ಉಳಿದ ಮೈ ಅದಕ್ಕೆ ಒಗ್ಗದಿದ್ದರೆ ಅಂಕಿತವನ್ನು ತಾಳವಿಲ್ಲದೆ ಆಲಾಪದಲ್ಲಿ ಬಿಡಬಹುದು, ಅದೂ ಚೆಂದ. ಇನ್ನೊಂದು: ಪಲ್ಲವಿಗೆ ಆರಿಸುವ ಸಾಲು ಒಂಟಿಯಾಗಿ ನಿಂತರೂ ಅರ್ಥ ಕೊಡಬೇಕು. ‘ಇಲ್ಲದಿದ್ದರೆ’, ‘ಅಲ್ಲದೆ’ ಎಂದು ಮುಗಿಯುವ ಅರ್ಧ ಮಾತನ್ನು ಹತ್ತು ಸಲ ತಿರುಗಿಸಿ ಹಾಡಿದರೆ ಕೇಳುಗರು ಹತ್ತು ಸಲವೂ ಕಾಯುತ್ತಾರೆ.

ಹರಿಕಥಾಮೃತಸಾರದ ಪದ್ಯಗಳನ್ನು ಕೆಹರವಾದಲ್ಲಿ ಕೂಡಿಸಿದೆ. ಹಿರಿಯರು ‘ಅಕ್ಷರ ಎಳೀತೀರಿ’ ಅಂದರು. ತಪ್ಪು ಎಲ್ಲಿದೆ?
– ಮಾನ್ವಿ

ಹಿರಿಯರು ಸರಿ. ನಿಮ್ಮೂರಿನ ಜಗನ್ನಾಥದಾಸರು (1728–1809) ಅದನ್ನು ಬರೆದದ್ದು ಭಾಮಿನಿ ಷಟ್ಪದಿಯಲ್ಲಿ. ಭಾಮಿನಿಯ ನಡೆ 3+4. ಮೊದಲ ಸಾಲನ್ನೇ ಬಿಡಿಸಿ ನೋಡಿ: ‘ಹರಿಕ, ಥಾಮೃತ, ಸಾರ, ಗುರುಗಳ’. 3, 4, 3, 4. ಏಳರ ನಡೆಯನ್ನು ಎಂಟಕ್ಕೆ ಎಳೆದಾಗ ಪ್ರತಿ ಮೂರರ ಗುಂಪಿನಲ್ಲಿ ಒಂದು ಹ್ರಸ್ವ ದೀರ್ಘವಾಗುತ್ತದೆ. ‘ಹರಿಕಾ’ ಅಂತ ಕೇಳಿಸುತ್ತದೆ. ಸಿನಿಮಾ ಹಾಡಿನಲ್ಲಿ ನಡೆದೀತು, ಪಾರಾಯಣ ಮಾಡಿದ ಕಿವಿ ಒಪ್ಪುವುದಿಲ್ಲ.

ಏಳು ಮಾತ್ರೆ ತೆಗೆದುಕೊಳ್ಳಿ. ಲೆಕ್ಕ ಎಷ್ಟು ಹಗುರಾಗುತ್ತದೆ ನೋಡಿ. ಒಂದನೇ, ಎರಡನೇ ಸಾಲು ತಲಾ 14 ಮಾತ್ರೆ, ಒಟ್ಟು 28, ಅಂದರೆ 4 ಆವರ್ತನ. ಮೂರನೇ ಸಾಲು 3+4 ಮೂರು ಸಲ, ಮೇಲೊಂದು ಗುರು, ಒಟ್ಟು 23. ಆ ಗುರುವನ್ನು ಹಾಡಿ 5 ಮಾತ್ರೆ ಉಸಿರಿಗೆ ಬಿಟ್ಟರೆ ಅದೂ 28. ಅರ್ಧ ಪದ್ಯ 8 ಆವರ್ತನ, ಪೂರ್ತಿ ಪದ್ಯ 16. ನಿಮಿಷಕ್ಕೆ 140 ಮಾತ್ರೆಯ ಲಯ ಇಟ್ಟರೆ ಒಂದು ಪದ್ಯಕ್ಕೆ 48 ಸೆಕೆಂಡು. ಎಂಟು ಪದ್ಯ ಹಾಡಿದರೆ ಆರೂವರೆ ನಿಮಿಷದ ಹತ್ತಿರ.

ಎರಡು ಎಚ್ಚರಿಕೆ. ಹಿಂದೂಸ್ತಾನಿ ರೂಪಕದ (ತೀ ತೀ ನಾ, ಧೀ ನಾ, ಧೀ ನಾ) ಸಮವೇ ಖಾಲಿ, ಅಂದರೆ ಚಪ್ಪಾಳೆಯಿಲ್ಲದ ಮಾತ್ರೆ. ಅಲ್ಲಿ ಡಗ್ಗಾ (ಎಡಗೈಯ ದೊಡ್ಡ ತಬಲಾ) ಮೊಳಗುವುದಿಲ್ಲ. ಆದರೆ ಭಜನೆಯಲ್ಲಿ ತಾಳ ಹಿಡಿದವರು ಒಂದನೇ ಮಾತ್ರೆಗೇ ಜೋರಾಗಿ ಬಾರಿಸುತ್ತಾರೆ, ಖಾಲಿ ಸತ್ತೇ ಹೋಗುತ್ತದೆ. ಅವರಿಗೆ 4 ಮತ್ತು 6ನೇ ಮಾತ್ರೆಗಳನ್ನಷ್ಟೇ ಕೊಡಿ. ಎರಡನೆಯದು, ‘ಥಾ’ ಮೇಲೆ ಧೀ ಬೀಳುವುದರಿಂದ ‘ಹರಿಕಥಾ’ ಪದ ಎರಡಾಗುವ ಅಪಾಯವಿದೆ. ಧಾಟಿಯಲ್ಲಿ ಕ ಮತ್ತು ಥಾ ಒಂದೇ ಸ್ವರದ ಮೇಲೆ ಅಥವಾ ಪಕ್ಕಪಕ್ಕದ ಸ್ವರದ ಮೇಲಿದ್ದರೆ ಪದ ಒಡೆಯುವುದಿಲ್ಲ. ಅಲ್ಲಿ ದೊಡ್ಡ ಜಿಗಿತ ಇಡಬೇಡಿ.

ನಮ್ಮಲ್ಲಿ ಪಿಟೀಲು, ಮೃದಂಗದವರು ಕರ್ನಾಟಕ ಪದ್ಧತಿ, ಹಾರ್ಮೋನಿಯಂ, ತಬಲಾದವರು ಹಿಂದೂಸ್ತಾನಿ. ಒಂದೇ ರಾಗದ ಹೆಸರು ಹೇಳಿದರೂ ಇಬ್ಬರೂ ಬೇರೆ ಬೇರೆ ನುಡಿಸುತ್ತಾರೆ.
– ಬಳ್ಳಾರಿ

ಬಳ್ಳಾರಿಯಲ್ಲಿ ಇದು ತಪ್ಪಿದ್ದಲ್ಲ, ಎರಡೂ ಪದ್ಧತಿ ಅಲ್ಲಿ ಒಂದೇ ಓಣಿಯಲ್ಲಿವೆ. ಹೆಸರು ಹೇಳಬೇಡಿ, ಸ್ವರ ಬರೆದು ಕೊಡಿ. ಮೋಹನ ಮತ್ತು ಭೂಪ್‌ಗೆ ಸ್ವರ ಒಂದೇ. ಶುದ್ಧ ಸಾವೇರಿ ಮತ್ತು ದುರ್ಗಾಕ್ಕೂ ಅಷ್ಟೇ. ಕರ್ನಾಟಕದ ಹಿಂದೋಳ ಅಂದರೆ ಹಿಂದೂಸ್ತಾನಿಯ ಮಾಲಕಂಸ್. ಹಿಂದೂಸ್ತಾನಿಯ ಹಿಂಡೋಲ್ ತೀವ್ರ (ಏರಿಸಿದ) ಮಧ್ಯಮದ ಬೇರೆಯೇ ರಾಗ. ಕರ್ನಾಟಕದ ತೋಡಿಯ ಸ್ವರಗಳು ಹಿಂದೂಸ್ತಾನಿಯಲ್ಲಿ ಭೈರವಿಯವು. ಹಿಂದೂಸ್ತಾನಿಯ ತೋಡಿ ಕೇಳಿದರೆ ಕರ್ನಾಟಕದವರಿಗೆ ಶುಭಪಂತುವರಾಳಿ ನೆನಪಾಗುತ್ತದೆ. ತಾಳದಲ್ಲೂ ಇದೇ ಕಥೆ. ‘ರೂಪಕ’ ಅಂದರೆ ಮೃದಂಗದವರಿಗೆ ಆರು, ನಿಮಗೆ ಏಳು. ಮೊದಲ ಆವರ್ತನದಲ್ಲೇ ಬಂಡಿ ಹಳ್ಳಕ್ಕೆ. ‘7 ಮಾತ್ರೆ, 3+4’ ಎಂದು ಬರೆಯಿರಿ, ಮೃದಂಗದವರು ಮಿಶ್ರಛಾಪು ಹಿಡಿಯುತ್ತಾರೆ.

ಸ್ವರ ಒಂದೇ ಆದರೂ ಗಮಕ ಒಂದೇ ಅಲ್ಲ. ಪಿಟೀಲಿನ ಗಾಂಧಾರ ತೂಗುತ್ತದೆ, ಹಾರ್ಮೋನಿಯಂನದು ನಿಂತಲ್ಲೇ ನಿಲ್ಲುತ್ತದೆ. ಇಬ್ಬರಿಗೂ ಒಂದೇ ಸಾಲು ಒಟ್ಟಿಗೆ ಕೊಡುವ ಬದಲು ಒಬ್ಬರ ಬಳಿಕ ಒಬ್ಬರಿಗೆ ಕೊಡಿ.

ಕರಿ 1ರಲ್ಲಿ (ಹಾರ್ಮೋನಿಯಂನ ಮೊದಲ ಕರಿ ಮನೆಯ ಶ್ರುತಿ) ಕಟ್ಟಿದ ಧಾಟಿಯನ್ನು ಗಾಯಕಿ ಕರಿ 5ರಲ್ಲಿ ಹಾಡಿದರು. ತಬಲಾ ಬೇಸೂರ ಅನ್ನಿಸಿತು. ಇದ್ದದ್ದು ಒಂದೇ ತಬಲಾ.
– ಕುಷ್ಟಗಿ

ಕರಿ 5ನ್ನು ಸಾ ಮಾಡಿಕೊಂಡರೆ ಕರಿ 1 ಆ ಶ್ರುತಿಯ ಕೋಮಲ (ತಗ್ಗಿಸಿದ) ಗಾಂಧಾರ. ಹಾಡು ಭೂಪ್‌ನಲ್ಲಿದ್ದರೆ ಗಾಯಕಿ ಶುದ್ಧ ಗಾ ಹಾಡುವಾಗ ನಿಮ್ಮ ತಬಲಾ ಪಕ್ಕದಲ್ಲೇ ಕೋಮಲ ಗಾ ಹೊಡೆಯುತ್ತಿರುತ್ತದೆ. ಬೇಸೂರ ಆಗದೆ ಇನ್ನೇನು.

ಒಂದೇ ತಬಲಾ ಇದ್ದಾಗ ಶ್ರುತಿ ಆರಿಸುವ ಉಪಾಯ ಇದು. ಕರಿ 1ರ ತಬಲಾ ಕರಿ 3ಕ್ಕೆ ಪಂಚಮ, ಕರಿ 4ಕ್ಕೆ ಶುದ್ಧ ಮಧ್ಯಮ. ಗಾಯಕಿ ಕರಿ 4ಕ್ಕೆ ಒಪ್ಪಿದರೆ ದುರ್ಗಾ, ಭೀಮಪಲಾಸಿ, ಮಾಲಕಂಸ್ ನಡೆಯುತ್ತವೆ, ಏಕೆಂದರೆ ಮಧ್ಯಮ ಆ ರಾಗಗಳಲ್ಲಿದೆ. ಭೂಪ್ ಆಗಲೂ ನಡೆಯದು, ಅದರಲ್ಲಿ ಮಾ ಇಲ್ಲ. ಎರಡನೇ ತಬಲಾ ಕೊಳ್ಳುವುದಿದ್ದರೆ, ಕರಿ 1ಕ್ಕೆ ಬಾಯಿ ಐದೂಕಾಲಿನಿಂದ ಐದೂವರೆ ಇಂಚು, ಕರಿ 5ಕ್ಕೆ ಹೆಚ್ಚು ಕಡಿಮೆ 6 ಇಂಚು. ಚಿಕ್ಕದನ್ನೇ ಸುತ್ತಿಗೆಯಿಂದ ಕರಿ 5ಕ್ಕೆ ಇಳಿಸಲು ಹೋದರೆ ತೊಗಲು ಸಡಿಲವಾಗಿ ನಾದವೇ ಹೋಗುತ್ತದೆ.

ಮಠದಲ್ಲಿ ಎಲ್ಲರೂ ಕೂಡಿ ಹಾಡುವ ಹಾಡಾದರೆ ಮಂದ್ರ (ಕೆಳಗಿನ ಸ್ಥಾಯಿಯ) ನಿಯಿಂದ ತಾರ (ಮೇಲಿನ ಸ್ಥಾಯಿಯ) ರಿ ಒಳಗೇ ಧಾಟಿ ಮುಗಿಯಲಿ. ತಾರ ಪಂಚಮ ಮುಟ್ಟಿಸಿದರೆ ಹಾಡುವವರು ಒಬ್ಬರೇ ಉಳಿಯುತ್ತಾರೆ.

ಏಪ್ರಿಲ್, ಮೇನಲ್ಲಿ ರೆಕಾರ್ಡಿಂಗ್ ಇಟ್ಟರೆ ಎರಡು ಟೇಕಿನ ನಡುವೆ ತಬಲಾ ಶ್ರುತಿ ಏರುತ್ತದೆ.
– ರಾಯಚೂರು

ಒಣ ಬಿಸಿಲಿಗೆ ತೊಗಲು ಬಿಗಿಯುತ್ತದೆ, ಶ್ರುತಿ ಏರುತ್ತದೆ. ಏರ್‌ಕೂಲರ್ ಮುಂದಿಟ್ಟರೆ ತೇವ ಹೀರಿ ಇಳಿಯುತ್ತದೆ. ಅದಕ್ಕೇ ಕೂಲರ್ ಗಾಳಿ ನೇರ ತಬಲಾಕ್ಕೆ ಬೀಳದಿರಲಿ. ಮುದ್ರಿಸುವ ಕೋಣೆಯಲ್ಲಿ ಅರ್ಧ ಗಂಟೆ ಮೊದಲೇ ತಂದಿಟ್ಟು ಆಮೇಲೆ ಶ್ರುತಿ ಮಾಡಿ. ಏರಿದ್ದನ್ನು ಇಳಿಸಲು ಗಜರಾವನ್ನು (ತೊಗಲಿನ ಸುತ್ತ ಹೆಣೆದ ಅಂಚು) ಕೆಳಗಿನಿಂದ ಮೇಲಕ್ಕೆ ತಟ್ಟಬೇಕು. ಒಂದೇ ಕಡೆ ತಟ್ಟದೆ ಎದುರು ಬದುರು ಮನೆಗಳಲ್ಲಿ (ಆ ಅಂಚಿನ ಭಾಗಗಳು) ಹೋಗಿ, 16 ಮನೆಯೂ ಒಂದೇ ಸ್ವರ ಕೊಡಬೇಕು. ಹಾರ್ಮೋನಿಯಂ ಇದ್ದರೆ ಅದಕ್ಕೇ ಶ್ರುತಿ ಮಾಡಿ, ಮೊಬೈಲ್ ಆ್ಯಪ್‌ಗಲ್ಲ. ಹಳೆಯ ಹಾರ್ಮೋನಿಯಂ ಪೆಟ್ಟಿಗೆಗಳು ಆ್ಯಪ್‌ಗಿಂತ ತುಸು ಆಚೀಚೆ ಇರುವುದು ಮಾಮೂಲು. ತಂಬೂರಿಯನ್ನೂ ಪೆಟ್ಟಿಗೆಗೇ ಹೊಂದಿಸಿ.

ಪ್ರತಿ ಚರಣದ ಕೊನೆಗೆ ತಿಹಾಯಿ (ಒಂದೇ ತುಂಡು ಮೂರು ಸಲ), ನಡುವೆ ಲಗ್ಗಿ (ಚುರುಕು ನಡೆಯ ಬಾರಿಸುವಿಕೆ) ಹಾಕಿ ಸಂಯೋಜಿಸಿದೆ. ‘ಭಕ್ತಿ ಬರಲಿಲ್ಲ’ ಅಂದರು. ತಬಲಾ ಚೆನ್ನಾಗಿದ್ದರೆ ತಪ್ಪೇನು?
– ಯಲಬುರ್ಗಾ

ತಬಲಾ ಚೆನ್ನಾಗಿದ್ದದ್ದೇ ತಪ್ಪು ಅಂದರೆ ಬೇಜಾರಾಗಬೇಡಿ. ಬಾರಿಸುವವರು ಸಂಯೋಜಕರಾದಾಗ ಮೊದಲ ಹತ್ತು ಹಾಡುಗಳಲ್ಲಿ ಹೀಗೇ ಆಗುತ್ತದೆ. ಖಾಲಿ ಜಾಗ ಕಂಡರೆ ಕೈ ತುರಿಸುತ್ತದೆ. ತಿಹಾಯಿ ಕೇಳುಗರಿಗೆ ‘ಮುಗಿಯಿತು’ ಎಂದು ಹೇಳುತ್ತದೆ. ನಾಲ್ಕು ಚರಣದ ಪದದಲ್ಲಿ ನಾಲ್ಕು ಸಲ ಮುಗಿದರೆ ಐದನೇ ಸಲ ನಿಜವಾಗಿ ಮುಗಿದಾಗ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಹಾಡಿಗೆ ಒಂದೇ ತಿಹಾಯಿ, ಕೊನೆಗೆ. ಲಗ್ಗಿ ಹಾಕಲೇಬೇಕಿದ್ದರೆ ಕೊನೆಯ ನಾಮಾವಳಿಯಲ್ಲಿ, ಮಾತು ತಿರುತಿರುಗಿ ಅದೇ ಬರುವಲ್ಲಿ. ಹೊಸ ಅರ್ಥ ಬರುವ ಸಾಲಿನ ಕೆಳಗೆ ಬರೀ ಠೇಕಾ. ಮಧ್ಯದ ವಾದ್ಯ ಭಾಗ ಕೆಹರವಾದಲ್ಲಿ 8 ಆವರ್ತನ ದಾಟದಿರಲಿ.

ಆ ಒಂದು ತಿಹಾಯಿಯ ಲೆಕ್ಕ: ತುಂಡಿನ ಮಾತ್ರೆ ಮೂರು ಪಟ್ಟು, ಬಿಡುವು ಎರಡು ಪಟ್ಟು, ಎರಡೂ ಕೂಡಿ ಆವರ್ತನಕ್ಕಿಂತ ಒಂದು ಹೆಚ್ಚು ಬರಬೇಕು. ಸಮದಿಂದ ಎದ್ದು ಮುಂದಿನ ಸಮಕ್ಕೆ ಬೀಳುತ್ತದೆ. ಕೆಹರವಾದಲ್ಲಿ 9: ಮೂರು ಮಾತ್ರೆಯ ತುಂಡು, ಬಿಡುವಿಲ್ಲ. ರೂಪಕದಲ್ಲಿ 8: ಎರಡರ ತುಂಡು, ಒಂದು ಬಿಡುವು. ಝಪತಾಳದಲ್ಲಿ 11: ಮೂರರ ತುಂಡು, ಒಂದು ಬಿಡುವು. ತೀನತಾಳದಲ್ಲಿ 17: ಐದರ ತುಂಡು, ಒಂದು ಬಿಡುವು.

ಇದೆಲ್ಲ ನಿಮಗೆ ಗೊತ್ತಿರುವುದೇ. ಸಂಯೋಜಕರಾದ ಮೇಲೆ ತಪ್ಪುವುದು ಬೇರೆ ಕಡೆ. ಮುಖಡಾ ಸಮದಿಂದ ಏಳದೆ ಕೆಹರವಾದ 5ನೇ ಮಾತ್ರೆಯಿಂದ ಎದ್ದರೆ, ಸಮಕ್ಕೆ ಮುಗಿಯುವ ತಿಹಾಯಿ ಗಾಯಕರ ಮಾತಿನ ಮೇಲೇ ಬೀಳುತ್ತದೆ. ಆಗ 5ಕ್ಕೆ ಮುಗಿಸಬೇಕು. ಸಮದಿಂದ ಎದ್ದು ಮುಂದಿನ ಆವರ್ತನದ 5ಕ್ಕೆ ಬರಲು 13 ಮಾತ್ರೆ: ಮೂರರ ತುಂಡು, ಎರಡು ಬಿಡುವು. ಕೊನೆಯ ಧಾ ಮತ್ತು ಹಾಡಿನ ಮೊದಲ ಅಕ್ಷರ ಒಟ್ಟಿಗೆ ಬೀಳುತ್ತವೆ.

ತಾಳವಾದ್ಯದಿಂದ ಬಂದವರು ಶಾಸ್ತ್ರೀಯ, ಭಕ್ತಿ ಸಂಗೀತದಲ್ಲಿ ದೊಡ್ಡ ರಚನೆಕಾರರಾದದ್ದುಂಟೆ?
– ಲಿಂಗಸುಗೂರು

ಬರೀ ತಾಳವಾದ್ಯದವರು ಕಡಿಮೆ, ಅದರ ಜೊತೆ ಹಾಡು ಕೈವಶ ಮಾಡಿಕೊಂಡವರು ಇದ್ದಾರೆ. ನೂರಾರು ಕೃತಿ ರಚಿಸಿದ ಎಂ. ಬಾಲಮುರಳಿಕೃಷ್ಣ (1930–2016) ಗಾಯನ, ವಯೋಲಾದ ಜೊತೆ ಮೃದಂಗ, ಖಂಜಿರವನ್ನೂ ನುಡಿಸುತ್ತಿದ್ದರು. ನಿಮಗೆ ಹತ್ತಿರದ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು (1914–2010) ಹಾರ್ಮೋನಿಯಂ, ಸಾರಂಗಿ, ಪಿಟೀಲಿನ ಜೊತೆ ತಬಲಾವನ್ನೂ ಬಲ್ಲವರು. ಇಬ್ಬರ ಜಾಡೂ ಒಂದೇ, ತಾಳ ಗಂಟಲಿನ ಜೊತೆಜೊತೆಗೆ ಬೆಳೆಯಿತು.

ನಾನು ಧಾಟಿ ಕಟ್ಟಿದ ವಚನವನ್ನು ಇನ್ನೊಂದು ಮೇಳದವರು ಮುದ್ರಿಸಿ ಹಾಕಿದ್ದಾರೆ. ವಚನ ಎಲ್ಲರದು ಅಂತಾರೆ.
– ಸಿರುಗುಪ್ಪ

ವಚನ ಎಲ್ಲರದೇ, ಧಾಟಿ ನಿಮ್ಮದು. 1957ರ ಕೃತಿಸ್ವಾಮ್ಯ ಕಾಯ್ದೆ ಸಾಹಿತ್ಯ ಮತ್ತು ಸಂಗೀತವನ್ನು ಬೇರೆ ಬೇರೆ ಕೃತಿ ಎಂದು ನೋಡುತ್ತದೆ, ಸಂಗೀತಕ್ಕೆ ಕರ್ತೃ ಸಂಯೋಜಕರು. ಹಕ್ಕು ಕರ್ತೃವಿನ ಜೀವಿತ ಮತ್ತು ಆಮೇಲೆ 60 ವರ್ಷ. ಹಳೆಯ ವಚನ, ದಾಸರ ಪದಕ್ಕೆ ಯಾರ ಅನುಮತಿಯೂ ಬೇಡ. ಬದುಕಿರುವ ಕವಿಯ ಪದವಾದರೆ ಬರಹದಲ್ಲೇ ಒಪ್ಪಿಗೆ ತೆಗೆದುಕೊಳ್ಳಿ. ನಿಮ್ಮ ಕಡೆ ಪುರಾವೆ ಬೇಕಲ್ಲ: ಕಟ್ಟಿದ ದಿನವೇ ತಾಳವಿಲ್ಲದೆ ಹಾಡಿ ಮುದ್ರಿಸಿ, ಸ್ವರಲಿಪಿ ಬರೆದು, ಎರಡನ್ನೂ ನಿಮಗೆ ನೀವೇ ಇ-ಮೇಲ್ ಮಾಡಿಕೊಂಡರೆ ದಿನಾಂಕ ಉಳಿಯುತ್ತದೆ. ಸಂಯೋಜಕರ ರಾಯಧನ ಸಂಗ್ರಹಿಸುವ ಐಪಿಆರ್‌ಎಸ್ ಸಂಸ್ಥೆಗೆ ಸದಸ್ಯರಾಗಬಹುದು. ಠೇಕಾ ಮಾತ್ರ ಯಾರ ಸ್ವತ್ತೂ ಅಲ್ಲ, ‘ನನ್ನ ಕೆಹರವಾ ಕದ್ದರು’ ಎಂದು ದೂರು ಕೊಡಲು ಬರುವುದಿಲ್ಲ.

ಪಕ್ಕವಾದ್ಯದವರಿಗೆ ಕೊಡುವ ಹಾಳೆಯಲ್ಲಿ ಏನೇನು ಬರೆಯಬೇಕು?
– ಕಾರಟಗಿ

ಒಂದೇ ಹಾಳೆ, ಒಂದೇ ಮಗ್ಗುಲು. ಮೇಲಿನ ಸಾಲು ಹೀಗಿರಲಿ: ‘ಕರಿ 1. ಸ ರಿ ಮ ಪ ಧ (ದುರ್ಗಾ). 8 ಮಾತ್ರೆ, ನಿಮಿಷಕ್ಕೆ 150. ಮುಖಡಾ 5ರಿಂದ.’ ಅದರ ಕೆಳಗೆ ಸಾಹಿತ್ಯ, ಪ್ರತಿ ತುಂಡಿನ ಕೊನೆಗೆ ಗೆರೆ, ಸಮ ಬೀಳುವ ಅಕ್ಷರದ ಸುತ್ತ ಸುತ್ತು. ಸ್ವರವನ್ನು ಅಕ್ಷರದ ಮೇಲೆ ಬರೆಯಿರಿ, ಕೋಮಲಕ್ಕೆ ಅಡಿಗೆರೆ, ತೀವ್ರ ಮಾಗೆ ನೆತ್ತಿಯ ಮೇಲೆ ನಿಲುಗೆರೆ, ಮಂದ್ರಕ್ಕೆ ಕೆಳಚುಕ್ಕಿ, ತಾರಕ್ಕೆ ಮೇಲುಚುಕ್ಕಿ. ತಬಲಾದವರ ಪಾಲಿಗೆ ಎರಡೇ ಮಾತು: ಎಲ್ಲಿ ಸೇರಬೇಕು, ಎಲ್ಲಿ ನಿಲ್ಲಬೇಕು. ಬೋಲ್ (ತಬಲಾದ ನುಡಿ) ಬರೆದು ಕೊಡಬೇಡಿ. ನೀವು ಬಾರಿಸುವಾಗ ಬೇರೆಯವರು ಬರೆದುಕೊಟ್ಟಿದ್ದರೆ ನಿಮಗೆ ಹೇಗಾಗುತ್ತಿತ್ತು?